ಸವಳಿಗೆ ಸೆಡ್ಡು ಹೊಡೆಯುವ ಹತ್ತಿ

ಕಾಡುಹತ್ತಿಯ ಬೀಜವನ್ನು ಸಮುದ್ರದ ನೀರಿನಲ್ಲಿ ಬಹಳ ದಿನ ನೆನೆಹಾಕಿ, ಆಮೇಲೆ ತೆಗೆದು ಮಣ್ಣಿಗೆ ಊರಿದರೆ ಮೊಳೆಯುತ್ತದೆಯೆ? ಎಸ್. ಜಿ. ಸ್ಟೀಫನ್ಸ್ ಎಂಬ ಹತ್ತಿ ತಜ್ಞರು ಇದನ್ನು ಪರೀಕ್ಷೆಗೆ ಒಡ್ಡಿದರು. ಅವರ ಪ್ರಬಂಧ 1958ರಲ್ಲಿ ಪ್ರಕಟವಾಯಿತು. ಕೆಲವು ಕಾಡುಹತ್ತಿಗಳ ಗಟ್ಟಿ ಸಿಪ್ಪೆಯ ಬೀಜಗಳು ಉಪ್ಪುನೀರಿನಲ್ಲಿ ಅಷ್ಟು ಕಾಲ ಕಳೆದ ಮೇಲೂ ಜೀವ ಹಿಡಿದುಕೊಂಡಿದ್ದವು, ಆಮೇಲೆ ಮೊಳೆತವು.

ಸ್ಟೀಫನ್ಸ್ ಅವರನ್ನು ಕಾಡಿದ್ದು ಹತ್ತಿಯ ವಂಶವೃಕ್ಷದ ಒಂದು ಒಗಟು. ಜಗತ್ತಿನಲ್ಲಿ ಬೇಸಾಯಕ್ಕೆ ಬಂದ ಹತ್ತಿ ಪ್ರಭೇದಗಳು ನಾಲ್ಕು. ಗಾಸಿಪಿಯಂ ಆರ್ಬೋರಿಯಂ ಮತ್ತು ಗಾಸಿಪಿಯಂ ಹರ್ಬೇಸಿಯಂ ಏಷ್ಯಾ, ಆಫ್ರಿಕಾ ಮೂಲದವು. ಇವುಗಳ ಜೀವಕೋಶದಲ್ಲಿ 26 ವರ್ಣತಂತುಗಳಿವೆ. ಗಾಸಿಪಿಯಂ ಹಿರ್ಸುಟಂ ಮತ್ತು ಗಾಸಿಪಿಯಂ ಬಾರ್ಬಡೆನ್ಸ್ ಅಮೆರಿಕ ಖಂಡದವು. ಇವುಗಳಲ್ಲಿ 52 ವರ್ಣತಂತುಗಳು. ಈ 52ರ ಪೈಕಿ ಅರ್ಧ ಅಮೆರಿಕದ ಕಾಡುಹತ್ತಿಯಿಂದ ಬಂದದ್ದು. ಉಳಿದರ್ಧ ಹಳೆ ಜಗತ್ತಿನ ಹತ್ತಿಯದು. ಈ ಎರಡು ಕವಲುಗಳು ಕೂಡಿದ್ದು ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ. ಆಗ ಹಡಗು ಇರಲಿಲ್ಲ, ಬೀಜ ಒಯ್ಯುವ ಮನುಷ್ಯನೂ ಇರಲಿಲ್ಲ. ಹಾಗಿದ್ದರೆ ಹಳೆ ಜಗತ್ತಿನ ಹತ್ತಿ ಮಹಾಸಾಗರ ದಾಟಿದ್ದು ಹೇಗೆ? ತೇಲಿಕೊಂಡು ಹೋಗಿ ಇನ್ನೊಂದು ದಡ ಮುಟ್ಟಿತು ಎಂಬ ವಿವರಣೆಯನ್ನೇ ಇಂದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪುತ್ತಾರೆ.

ಈ ವಂಶದ ಕಾಡು ಸಂಬಂಧಿಗಳು ಇಂದಿಗೂ ಕಡಲ ಹತ್ತಿರವೇ ಸಿಗುತ್ತವೆ. ಹವಾಯಿ ದ್ವೀಪಗಳ ಒಣ ಕರಾವಳಿಯಲ್ಲಿ ಗಾಸಿಪಿಯಂ ಟೊಮೆಂಟೋಸಂ ಇದೆ, ಗಲಪಾಗೋಸ್ ದ್ವೀಪಗಳಲ್ಲಿ ಗಾಸಿಪಿಯಂ ಡಾರ್ವಿನಿಯೈ ಇದೆ. ನಮ್ಮ ಹೊಲಗಳ ಬಹುಪಾಲು ಹತ್ತಿಗೆ ಮೂಲವಾದ ಹಿರ್ಸುಟಂನ ಕಾಡು ರೂಪ ಮೆಕ್ಸಿಕೋದ ಯುಕಟಾನ್ ಕಡಲಂಚಿನ ಮರಳುದಿಬ್ಬಗಳಲ್ಲಿ ಬೆಳೆಯುತ್ತದೆ. ಉಪ್ಪಿನ ಜೊತೆ ಬಾಳುವುದು ಹತ್ತಿಗೆ ಪೂರ್ವಜರಿಂದಲೇ ಬಂದ ಗುಣ. ಆ ಗುಣ ಯಾವ ವಂಶವಾಹಿಗಳಲ್ಲಿ ಅಡಗಿದೆ, ಸವಳು ಹಿಡಿದ ನಮ್ಮ ಹೊಲಗಳಿಗೆ ಅದರಿಂದ ಎಷ್ಟು ಉಪಯೋಗ ಎಂಬುದು ಈ ಅಧ್ಯಾಯದ ವಿಷಯ.

ನೆಲ ಬೆಳ್ಳಗಾದಾಗ

ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿದದ್ದು 1953ರಲ್ಲಿ. ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ ಹೆಚ್ಚು ನೆಲ, ಭತ್ತಕ್ಕೆ ಕಡಿಮೆ ನೆಲ ಎಂಬುದು ಮೂಲ ಯೋಜನೆಯ ಲೆಕ್ಕ. ನೀರು ಕಣ್ಣೆದುರು ಹರಿಯತೊಡಗಿದ ಮೇಲೆ ಆ ಲೆಕ್ಕ ನಿಲ್ಲಲಿಲ್ಲ. ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಯ ಎರೆ ಭೂಮಿ ಗದ್ದೆಯಾಯಿತು. ಎರೆ ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುವುದಿಲ್ಲ. ಅಂತರ್ಜಲ ಮೇಲೇರಿತು, ಮಣ್ಣಿನ ಆಳದಲ್ಲಿದ್ದ ಲವಣಗಳನ್ನು ಕರಗಿಸಿಕೊಂಡು ಬಂತು. ಬೇಸಿಗೆಯ ಬಿಸಿಲಿಗೆ ನೀರು ಆವಿಯಾಗಿ ಹೋದರೆ ಲವಣ ಮಾತ್ರ ಮೇಲೆ ಉಳಿಯುತ್ತದೆ. ರೈತರು ಇದನ್ನು ಸವಳು-ಜವಳು ಎಂದು ಜೋಡಿಯಾಗಿಯೇ ಕರೆಯುತ್ತಾರೆ. ಉಪ್ಪೇರುವುದು ಸವಳು, ನೀರು ನಿಂತು ಬೇರು ಕೊಳೆಯುವುದು ಜವಳು.

ದೇಶದಲ್ಲಿ ಲವಣ, ಕ್ಷಾರ ಬಾಧಿತ ಭೂಮಿ ಸುಮಾರು 67 ಲಕ್ಷ ಹೆಕ್ಟೇರ್. ಇದರಲ್ಲಿ ಗುಜರಾತ್‌ನದು ದೊಡ್ಡ ಪಾಲು, ಸುಮಾರು 22 ಲಕ್ಷ ಹೆಕ್ಟೇರ್. ಈ ಸಮಸ್ಯೆಗೆಂದೇ ಹರಿಯಾಣದ ಕರ್ನಾಲ್‌ನಲ್ಲಿ 1969ರಲ್ಲಿ ಕೇಂದ್ರೀಯ ಸಂಶೋಧನಾ ಸಂಸ್ಥೆ ಶುರುವಾಯಿತು. ಅದರ ಜೊತೆಗೂಡಿದ ಅಖಿಲ ಭಾರತ ಯೋಜನೆಯ ಒಂದು ಕೇಂದ್ರ ನಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿದೆ.

ಮಣ್ಣಿನ ಉಪ್ಪನ್ನು ಅಳೆಯುವುದು ಅದರ ತಿಳಿನೀರಿನ ವಿದ್ಯುತ್ ವಾಹಕತೆಯಿಂದ. ಅಳತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದು ಸವಳು ಭೂಮಿ. ಹುರುಳಿಕಾಯಿ ಬೀನ್ಸ್ 1 ದಾಟಿದರೇ ಸೊರಗುತ್ತದೆ. ಭತ್ತದ ಮಿತಿ 3, ಗೋಧಿಯದು 6. ಹತ್ತಿ ಮಾತ್ರ 7.7ರವರೆಗೆ ಇಳುವರಿ ಬಿಟ್ಟುಕೊಡುವುದಿಲ್ಲ. ಅಲ್ಲಿಂದ ಮುಂದೆ ಒಂದೊಂದು ಘಟಕಕ್ಕೆ ಸುಮಾರು ಶೇ. 5ರಂತೆ ಕುಸಿಯುತ್ತದೆ. ಹೊಲದ ಬೆಳೆಗಳಲ್ಲಿ ಇದಕ್ಕಿಂತ ತುಸು ಮೇಲಿರುವುದು 8ರ ಮಿತಿಯ ಬಾರ್ಲಿ. ಇವು ಅಮೆರಿಕದ ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಕ್ರೋಡೀಕರಿಸಿದ ಅಂಕಿಗಳು. ಇಂದಿಗೂ ಮಣ್ಣು ವಿಜ್ಞಾನಿಗಳು ಬಳಸುವುದು ಇವನ್ನೇ.

ಆದರೆ ಈ ಅಂಕಿ ಬೇರೂರಿ ನಿಂತ ಗಿಡದ್ದು. ಮೊಳಕೆಯ ಹಂತದಲ್ಲಿ ಹತ್ತಿ ಬಹಳ ಸೂಕ್ಷ್ಮ. ಬಿತ್ತಿದ ಬೀಜ ನೆಲದಿಂದ ಮೇಲೆ ಬರುವುದೇ ಸವಳು ಹೊಲದಲ್ಲಿ ಮೊದಲ ಗಂಡಾಂತರ. ಅಲ್ಲಲ್ಲಿ ಸಸಿ ಎದ್ದು, ನಡುವೆ ಮಾರುಗಟ್ಟಲೆ ಬೋಳು ಬಿದ್ದರೆ ಆ ವರ್ಷದ ಬೆಳೆ ಅಲ್ಲಿಗೇ ಅರ್ಧ ಕೈಬಿಟ್ಟಂತೆ.

ಬೇರಿಗೆ ಎರಡು ಕಷ್ಟ

ಉಪ್ಪು ಗಿಡಕ್ಕೆ ಎರಡು ಬಗೆಯಲ್ಲಿ ತೊಂದರೆ ಕೊಡುತ್ತದೆ. ಮೊದಲನೆಯದು ನೀರಡಿಕೆ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಅದನ್ನು ಹೀರಲು ಬೇರಿಗೆ ಕಷ್ಟ. ಹೊಲ ಒದ್ದೆಯಿದ್ದರೂ ಗಿಡ ಬರಕ್ಕೆ ಸಿಕ್ಕಂತೆ ಬಾಡುತ್ತದೆ. ಉಪ್ಪು ಸೋಕಿದ ಕೆಲವೇ ನಿಮಿಷಗಳಲ್ಲಿ ಎಲೆಯ ಬೆಳವಣಿಗೆ ನಿಧಾನವಾಗುತ್ತದೆ. ಎರಡನೆಯ ಕಷ್ಟ ತಡವಾಗಿ ಬರುತ್ತದೆ. ಸೋಡಿಯಂ ಅಯಾನು ನೀರಿನೊಡನೆ ಒಳನುಗ್ಗಿ ದಿನೇ ದಿನೇ ಎಲೆಯಲ್ಲಿ ಶೇಖರವಾಗುತ್ತದೆ. ಹಳೆಯ ಎಲೆಗಳ ಅಂಚು ಸುಟ್ಟಂತಾಗಿ ಉದುರುತ್ತವೆ.

ಸೋಡಿಯಂ ವಿಷವಾಗುವುದಕ್ಕೆ ಕಾರಣ ಪೊಟ್ಯಾಶಿಯಂ ಜೊತೆಗಿನ ಅದರ ಹೋಲಿಕೆ. ಎರಡೂ ಒಂದೇ ವಿದ್ಯುದಂಶ ಹೊತ್ತ ಅಯಾನುಗಳು. ಜೀವಕೋಶದ ಹತ್ತಾರು ಕಿಣ್ವಗಳು ಪೊಟ್ಯಾಶಿಯಂ ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ಸೋಡಿಯಂ ಆ ಜಾಗದಲ್ಲಿ ಕೂತುಕೊಳ್ಳುತ್ತದೆ, ಕೆಲಸ ಮಾತ್ರ ಮಾಡಿಸುವುದಿಲ್ಲ. ಹಾಗಾಗಿ ಉಪ್ಪು ತಾಳುವ ಗಿಡ ಮಾಡಬೇಕಾದ ಕೆಲಸ ಮೂರು: ಒಳಬಂದ ಸೋಡಿಯಂ ಅನ್ನು ಹೊರಗೆ ತಳ್ಳಬೇಕು, ತಳ್ಳಲಾಗದ್ದನ್ನು ಅಪಾಯವಿಲ್ಲದ ಜಾಗದಲ್ಲಿ ಕೂಡಿಹಾಕಬೇಕು, ನೀರು ಹೀರುವ ಶಕ್ತಿ ಉಳಿಸಿಕೊಳ್ಳಲು ಗ್ಲೈಸಿನ್ ಬೀಟೈನ್, ಪ್ರೋಲಿನ್‌ನಂಥ ನಿರಪಾಯ ವಸ್ತುಗಳನ್ನು ತಾನೇ ತಯಾರಿಸಿಕೊಳ್ಳಬೇಕು. ಹತ್ತಿ ಈ ಮೂರನ್ನೂ ಮಾಡುತ್ತದೆ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ವಂಶವಾಹಿಗಳಿವೆ.

ಬಾಗದ ಬೇರು ಹೇಳಿದ ಸತ್ಯ

ಮೊದಲ ಕೆಲಸದ ವಂಶವಾಹಿಗಳು ಸಿಕ್ಕಿದ್ದು ಅರಬಿಡಾಪ್ಸಿಸ್ ಎಂಬ ಗೇಣುದ್ದದ ಕಳೆಗಿಡದಲ್ಲಿ. ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿದ್ದ ಜಿಯಾನ್-ಕಾಂಗ್ ಝು ಮತ್ತು ಸಂಗಡಿಗರು 1990ರ ದಶಕದಲ್ಲಿ ಹಿಡಿದ ದಾರಿ ಬಹಳ ಸರಳ. ಅವರು ಬೀಜಗಳ ವಂಶವಾಹಿಗಳಲ್ಲಿ ಅಲ್ಲಲ್ಲಿ ಬದಲಾವಣೆ ಮಾಡಿ, ಸಸಿಗಳನ್ನು ನೆಟ್ಟಗೆ ನಿಲ್ಲಿಸಿದ ಅಗಾರ್ ತಟ್ಟೆಗಳಲ್ಲಿ ಬೆಳೆಸಿದರು. ಬೇರು ಒಂದಿಷ್ಟು ಉದ್ದ ಬಂದ ಮೇಲೆ ಸಸಿಗಳನ್ನು ಉಪ್ಪು ಬೆರೆಸಿದ ತಟ್ಟೆಗೆ ವರ್ಗಾಯಿಸಿ, ತಟ್ಟೆಯನ್ನು ತಲೆಕೆಳಗು ಮಾಡಿದರು. ಈಗ ಬೇರಿನ ತುದಿ ಮೇಲ್ಮುಖ. ಆರೋಗ್ಯವಂತ ಬೇರು ಗುರುತ್ವಕ್ಕೆ ಓಗೊಟ್ಟು ಬಾಗಿ, ಕೊಕ್ಕೆಯಾಗಿ, ಮತ್ತೆ ಕೆಳಗಿಳಿಯುತ್ತದೆ. ಉಪ್ಪು ತಾಳಲಾರದ ಬೇರು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಅದರಲ್ಲಿ ಕೊಕ್ಕೆ ಮೂಡುವುದಿಲ್ಲ. ನೂರಾರು ಕೊಕ್ಕೆಗಳ ಸಾಲಿನಲ್ಲಿ ಬಾಗದ ಒಂದು ಬೇರು ಕಂಡರೆ, ಆ ಸಸಿಯಲ್ಲಿ ಯಾವುದೋ ಮುಖ್ಯ ವಂಶವಾಹಿ ಕೆಟ್ಟಿದೆ ಎಂದರ್ಥ.

ಹೀಗೆ 1996ರಲ್ಲಿ ವರದಿಯಾದ ಮೊದಲ ಗಿಡ ಸಾಮಾನ್ಯ ಗಿಡಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಉಪ್ಪಿಗೆ ಸೂಕ್ಷ್ಮವಾಗಿತ್ತು. ಅದರಲ್ಲಿ ಕೆಟ್ಟಿದ್ದ ವಂಶವಾಹಿಗೆ ಎಸ್‌ಒಎಸ್-1 ಎಂದು ಹೆಸರು ಬಂತು. ಮುಂದಿನ ವರ್ಷಗಳಲ್ಲಿ ಎಸ್‌ಒಎಸ್-2, ಎಸ್‌ಒಎಸ್-3 ಕೂಡ ಸಿಕ್ಕವು. ಮೂರೂ ಸರಪಳಿಯಂತೆ ಕೆಲಸ ಮಾಡುತ್ತವೆ. ಬೇರಿಗೆ ಉಪ್ಪು ಸೋಕಿದೊಡನೆ ಕೋಶದೊಳಗೆ ಕ್ಯಾಲ್ಸಿಯಂ ಪ್ರಮಾಣ ಏರುತ್ತದೆ. ಎಸ್‌ಒಎಸ್-3 ಪ್ರೋಟೀನು ಆ ಕ್ಯಾಲ್ಸಿಯಂ ಅನ್ನು ಗುರುತಿಸಿ ಎಸ್‌ಒಎಸ್-2ನ್ನು ಚುರುಕುಗೊಳಿಸುತ್ತದೆ. ಅದು ಕೋಶಪೊರೆಯಲ್ಲಿ ಕುಳಿತಿರುವ ಎಸ್‌ಒಎಸ್-1ಕ್ಕೆ ಫಾಸ್ಫೇಟ್ ಅಂಟಿಸಿ ಎಚ್ಚರಿಸುತ್ತದೆ. ಎಸ್‌ಒಎಸ್-1 ಒಂದು ಹೈಡ್ರೋಜನ್ ಅಯಾನನ್ನು ಒಳಗೆ ಬಿಟ್ಟುಕೊಂಡು ಒಂದು ಸೋಡಿಯಂ ಅಯಾನನ್ನು ಹೊರಗೆ ದಬ್ಬುತ್ತದೆ. ಇದೇ ಏರ್ಪಾಡು ಹತ್ತಿಯ ಬೇರಿನಲ್ಲಿಯೂ ಇದೆ.

ರಸದಾನಿಯಲ್ಲಿ ಸೆರೆ

ಎರಡನೆಯ ಕೆಲಸ ನಡೆಯುವುದು ರಸದಾನಿಯಲ್ಲಿ. ಬಲಿತ ಸಸ್ಯಕೋಶದ ಬಹುಪಾಲು ಜಾಗವನ್ನು ಆಕ್ರಮಿಸಿರುವ ದೊಡ್ಡ ಚೀಲ ಇದು. ಕಿಣ್ವಗಳ ಓಡಾಟವೆಲ್ಲ ಇದರ ಹೊರಗಿನ ಕೋಶದ್ರವ್ಯದಲ್ಲಿ. ಆದ್ದರಿಂದ ಸೋಡಿಯಂ ಅನ್ನು ರಸದಾನಿಯೊಳಗೆ ಕೂಡಿಹಾಕಿದರೆ ವಿಷ ತಟ್ಟುವುದಿಲ್ಲ. ಅಲ್ಲಿ ಕೂಡಿದ ಉಪ್ಪೇ ನೀರನ್ನು ಒಳಸೆಳೆಯಲು ನೆರವಾಗುತ್ತದೆ. ಹಾಗೆ ತುಂಬುವ ಪ್ರೋಟೀನು ಎನ್‌ಎಚ್‌ಎಕ್ಸ್-1. ಎಡ್ವಾರ್ಡೊ ಬ್ಲಮ್‌ವಾಲ್ಡ್ ಅವರ ತಂಡ 1999ರಲ್ಲಿ ಈ ವಂಶವಾಹಿ ಹೆಚ್ಚು ಕೆಲಸ ಮಾಡುವಂತೆ ಮಾಡಿದ ಅರಬಿಡಾಪ್ಸಿಸ್ ಗಿಡಗಳನ್ನು 200 ಮಿಲಿಮೋಲಾರ್ ಉಪ್ಪುನೀರಿನಲ್ಲಿ ಬೆಳೆಸಿ ತೋರಿಸಿತು. ಲೀಟರಿಗೆ ಸುಮಾರು ಹನ್ನೆರಡು ಗ್ರಾಂ ಉಪ್ಪು, ಅಂದರೆ ಸಮುದ್ರದ ನೀರಿನ ಮೂರನೇ ಒಂದು ಭಾಗದಷ್ಟು.

ಹತ್ತಿಯ ಸರದಿ ಬಂದದ್ದು ಟೆಕ್ಸಸ್‌ನಲ್ಲಿ. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಹಾಂಗ್ ಝಾಂಗ್ ಅವರ ತಂಡ ಅರಬಿಡಾಪ್ಸಿಸ್‌ನ ಈ ವಂಶವಾಹಿಯನ್ನು ಹತ್ತಿಗೆ ಸೇರಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿತು. ಉಪ್ಪುನೀರು ಕುಡಿದ ಗಿಡಗಳು ಸಾಮಾನ್ಯ ಹತ್ತಿಗಿಂತ ಚೆನ್ನಾಗಿ ಬೆಳೆದವು. ಹೊಲದ ಪ್ರಯೋಗದಲ್ಲಿ ಅರಳೆಯ ಇಳುವರಿಯೂ ಹೆಚ್ಚಿತು. ಮುಂದೆ ಅದೇ ತಂಡ ಎವಿಪಿ-1 ಎಂಬ ಇನ್ನೊಂದು ವಂಶವಾಹಿಯನ್ನು ಸೇರಿಸಿತು. ಇದು ರಸದಾನಿಯೊಳಕ್ಕೆ ಹೈಡ್ರೋಜನ್ ಅಯಾನುಗಳನ್ನು ಪಂಪು ಮಾಡುತ್ತದೆ. ಆ ಅಯಾನುಗಳು ಹೊರಬರುವ ರಭಸದಿಂದಲೇ ಎನ್‌ಎಚ್‌ಎಕ್ಸ್-1 ಸೋಡಿಯಂ ಅನ್ನು ಒಳತಳ್ಳುವುದು. ಮಳೆಯಾಶ್ರಿತ ಹೊಲದಲ್ಲಿ ಎವಿಪಿ-1 ಹತ್ತಿ ಕನಿಷ್ಠ ಶೇ. 20ರಷ್ಟು ಹೆಚ್ಚು ಅರಳೆ ಕೊಟ್ಟಿತೆಂದು 2011ರ ವರದಿ ಹೇಳುತ್ತದೆ. ಎರಡೂ ವಂಶವಾಹಿಗಳನ್ನು ಒಟ್ಟಿಗೆ ಪಡೆದ ಹತ್ತಿ 2015ರ ವರದಿಯಲ್ಲಿ ಇನ್ನೂ ಗಟ್ಟಿಯಾಗಿ ನಿಂತಿತು.

ಇಲ್ಲೊಂದು ವಿಷಯವನ್ನು ಗಮನಿಸಬೇಕು. ಸೋಡಿಯಂ ಹೊರದಬ್ಬುವುದಾಗಲಿ, ರಸದಾನಿಯಲ್ಲಿ ತುಂಬುವುದಾಗಲಿ ತಾನಾಗಿ ನಡೆಯುವ ಕೆಲಸವಲ್ಲ. ಹೈಡ್ರೋಜನ್ ಅಯಾನುಗಳನ್ನು ಪಂಪು ಮಾಡಲು ಜೀವಕೋಶ ಶಕ್ತಿ ವ್ಯಯಿಸಬೇಕು. ಆ ಶಕ್ತಿ ಬರುವುದು ಬೇರಿನ ಉಸಿರಾಟದಿಂದ. ಉಪ್ಪು ತಾಳುವ ಗಿಡ ಆ ತಾಳಿಕೆಗೆ ಪ್ರತಿದಿನ ಬೆಲೆ ತೆರುತ್ತಲೇ ಇರುತ್ತದೆ.

ಒಬ್ಬರಿಂದ ತೇರು ಸಾಗದು

ಹಾಗಿದ್ದರೆ ಉಪ್ಪು ತಾಳುವ ಹತ್ತಿ ತಳಿ ಇಷ್ಟು ಹೊತ್ತಿಗೆ ರೈತರ ಕೈಯಲ್ಲಿ ಇರಬೇಕಿತ್ತಲ್ಲವೆ? ಭಾರತದಲ್ಲಿ 2002ರಿಂದ ಬೇಸಾಯದಲ್ಲಿರುವ ಕುಲಾಂತರಿ ಹತ್ತಿಯ ಗುಣ ಕಾಯಿಕೊರಕ ಹುಳುವನ್ನು ತಡೆಯುವುದು. ಅದಕ್ಕೆ ಒಂದೆರಡು ವಂಶವಾಹಿ ಸಾಕಾಯಿತು. ಸವಳಿನ ವಿಷಯ ಹಾಗಲ್ಲ. ತೇರಿನ ಹಗ್ಗಕ್ಕೆ ನೂರು ಕೈ ಬೇಕಾದಂತೆ ಇಲ್ಲಿ ಹಲವು ವಂಶವಾಹಿಗಳು ಒಟ್ಟಿಗೆ ಎಳೆಯಬೇಕು. ಪ್ರತಿಯೊಂದರ ಪಾಲು ಚಿಕ್ಕದು. ಮೊಳಕೆಯಲ್ಲಿ ದುಡಿಯುವ ವಂಶವಾಹಿಗಳೇ ಹೂ ಬಿಡುವಾಗಲೂ ದುಡಿಯುತ್ತವೆ ಎಂದೇನಿಲ್ಲ. ಹಸಿರುಮನೆಯ ಕುಂಡದಲ್ಲಿ ಗೆದ್ದ ಸಸಿ, ಅಡಿಗೊಂದು ಬಗೆಯಲ್ಲಿ ಉಪ್ಪು ಹರಡಿರುವ ಹೊಲದಲ್ಲಿ ಸೋಲಬಹುದು.

ಹತ್ತಿಯದೇ ಆದ ಇನ್ನೊಂದು ತೊಡಕಿದೆ. ಸಾಗರ ದಾಟಿ ಬಂದ ಕವಲು ಅಮೆರಿಕದ ಕವಲಿನೊಡನೆ ಕೂಡಿದ್ದರಿಂದ ಹಿರ್ಸುಟಂನಲ್ಲಿ ಬಹುತೇಕ ಪ್ರತಿ ವಂಶವಾಹಿಗೂ ಎರಡು ಪ್ರತಿಗಳಿವೆ. ಅಮೆರಿಕ ಮೂಲದ ಗಾಸಿಪಿಯಂ ರೈಮೊಂಡಿಯೈ ಹತ್ತಿಯ ಜೀನೋಮ್ ಅನ್ನು 2012ರಲ್ಲಿ ಓದಲಾಯಿತು, ಆರ್ಬೋರಿಯಂನದನ್ನು 2014ರಲ್ಲಿ, ಹಿರ್ಸುಟಂನದನ್ನು 2015ರಲ್ಲಿ. ಹಿರ್ಸುಟಂನ ಪಟ್ಟಿ ಸುಮಾರು 70,000 ವಂಶವಾಹಿಗಳಷ್ಟು ಉದ್ದವಾಯಿತು. ಒಂದು ಪ್ರತಿ ಕೆಟ್ಟರೆ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಗಿಡಕ್ಕೆ ಇದು ಒಳ್ಳೆಯದೇ. ಯಾವ ವಂಶವಾಹಿ ಏನು ಮಾಡುತ್ತದೆ ಎಂದು ಹುಡುಕುವವರಿಗೆ ಮಾತ್ರ ಕಷ್ಟ.

ಇದಕ್ಕೆ ಪ್ರಯೋಗಾಲಯಗಳು ಒಂದು ಜಾಣ ಉಪಾಯ ಕಂಡುಕೊಂಡಿವೆ. ತಂಬಾಕಿನ ಒಂದು ವೈರಸ್ಸಿನಲ್ಲಿ ಹತ್ತಿಯ ವಂಶವಾಹಿಯ ತುಣುಕನ್ನು ಸೇರಿಸುತ್ತಾರೆ. ಹತ್ತಿ ಸಸಿಯ ಮೊದಲ ಬೀಜದೆಲೆಗಳು ಬಿಚ್ಚಿಕೊಂಡಾಗ, ಎಲೆಯ ಕೆಳಮೈಗೆ ಸೂಜಿಯಿಲ್ಲದ ಸಿರಿಂಜ್ ಒತ್ತಿ ಹಿಡಿದು, ಆ ವೈರಸ್ಸನ್ನು ಹೊತ್ತ ಬ್ಯಾಕ್ಟೀರಿಯಾದ ದ್ರಾವಣವನ್ನು ಒಳಬಿಡುತ್ತಾರೆ. ಗಿಡ ವೈರಸ್ಸನ್ನು ಹತ್ತಿಕ್ಕುವ ಭರದಲ್ಲಿ, ಅದೇ ತುಣುಕು ಇರುವ ತನ್ನ ಸ್ವಂತ ವಂಶವಾಹಿಯ ಬಾಯಿಯನ್ನೂ ಮುಚ್ಚಿಸುತ್ತದೆ. ಎರಡು ಪ್ರತಿಗಳಿದ್ದರೂ ಎರಡೂ ಸುಮ್ಮನಾಗುತ್ತವೆ. ಪ್ರಯೋಗ ನೆಟ್ಟಗೆ ನಡೆಯಿತೇ ಎಂದು ತಿಳಿಯಲು ಪಕ್ಕದ ಕೆಲವು ಸಸಿಗಳಲ್ಲಿ ಹಸಿರು ಬಣ್ಣಕ್ಕೆ ಬೇಕಾದ ವಂಶವಾಹಿಯನ್ನು ಸುಮ್ಮನಾಗಿಸುತ್ತಾರೆ. ಸುಮಾರು ಎರಡು ವಾರದಲ್ಲಿ ಅವುಗಳ ಹೊಸ ಎಲೆಗಳು ಬೆಳ್ಳಗೆ ಬರುತ್ತವೆ. ಆಗ ಉಳಿದ ಸಸಿಗಳಿಗೆ ಉಪ್ಪುನೀರು ಕೊಟ್ಟು, ಯಾವುದು ಬೇಗ ಬಾಡಿತು ಎಂದು ನೋಡುತ್ತಾರೆ. ಇಂಥ ಪರೀಕ್ಷೆಗಳಿಂದ ಹತ್ತಿಯ ಉಪ್ಪು ತಾಳಿಕೆಯಲ್ಲಿ ಪಾತ್ರವಿರುವ ಹಲವಾರು ವಂಶವಾಹಿಗಳು ಪತ್ತೆಯಾಗಿವೆ.

ಚೀನಾದ ಶಾಂಡಾಂಗ್ ಪ್ರಾಂತ್ಯದ ಹತ್ತಿ ಸಂಶೋಧಕರು ಹತ್ತಿಯ ಇನ್ನೊಂದು ಜಾಣ್ಮೆಯನ್ನು ಹೊರತೆಗೆದರು. ಒಂದೇ ಗಿಡದ ಬೇರನ್ನು ಎರಡಾಗಿ ಸೀಳಿ, ಒಂದು ಪಾಲನ್ನು ಉಪ್ಪುನೀರಿನಲ್ಲಿ, ಇನ್ನೊಂದನ್ನು ಸಿಹಿನೀರಿನಲ್ಲಿ ಇಟ್ಟರು. ಎಲೆ ಸೇರಿದ ಸೋಡಿಯಂನ ಒಂದು ಪಾಲು ತೊಗಟೆಯ ನಾಳಗಳ ಮೂಲಕ ಹಿಂದಿರುಗಿ, ಸಿಹಿನೀರಿನ ಬದಿಯ ಬೇರಿನಿಂದ ಹೊರಹೋಯಿತು. ಬೇರಿನ ಒಂದು ಭಾಗಕ್ಕಾದರೂ ಉಪ್ಪು ಕಡಿಮೆಯಿರುವ ಜಾಗ ಸಿಕ್ಕರೆ ಹತ್ತಿ ಇಡೀ ಗಿಡವನ್ನು ಉಳಿಸಿಕೊಳ್ಳುತ್ತದೆ. ಸವಳು ಹೊಲದಲ್ಲಿ ಉಪ್ಪು ಬದುವಿನ ನೆತ್ತಿಗೆ ಏರಿ ಕೂರುವುದರಿಂದ, ನೆತ್ತಿ ಬಿಟ್ಟು ಸಾಲಿನಲ್ಲಿ ಬೀಜ ಊರಬೇಕು ಎಂಬ ಸಲಹೆಗೆ ಇದು ಬಲವಾದ ಆಧಾರ.

ಜವಾರಿ ಬೀಜದ ಬೆಲೆ

ನಾಲ್ಕೂ ಹತ್ತಿ ಪ್ರಭೇದಗಳನ್ನು ಬೆಳೆಯುವ ದೇಶ ಭಾರತ. ಅದರಲ್ಲೂ ಹರ್ಬೇಸಿಯಂ ಬರ ಮತ್ತು ಸವಳು ಎರಡನ್ನೂ ತಾಳುವ ಹತ್ತಿ. ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ಬೆಳೆಯುತ್ತಿದ್ದ ಜಯಧರ್ ಈ ಪ್ರಭೇದದ್ದೇ. ಗುಜರಾತ್‌ನ ವಾಗಡ್ ಹತ್ತಿಯೂ ಹಾಗೆಯೇ. ಅದರ ಕಾಯಿ ಪೂರ್ತಿ ಅರಳುವುದಿಲ್ಲ. ರೈತರು ಕಾಯಿಯನ್ನೇ ಕಿತ್ತು ತಂದು ಆಮೇಲೆ ಒಡೆದು ಹತ್ತಿ ಬಿಡಿಸುತ್ತಾರೆ. ಎಳೆ ಗಿಡ್ಡ, ಬೆಲೆ ಕಡಿಮೆ. ಉದ್ದ ಎಳೆಯ ಹಿರ್ಸುಟಂ ಸಂಕರ ತಳಿಗಳು ಬಂದ ಮೇಲೆ ಜವಾರಿ ಹತ್ತಿ ಹೊಲದ ಅಂಚಿಗೆ ಸರಿಯಿತು. ಅದರೊಡನೆ ಈ ನೆಲದ ಉಪ್ಪಿಗೆ ಒಗ್ಗಿದ ವಂಶವಾಹಿಗಳೂ ಸರಿದವು.

ಅವನ್ನು ಹಿರ್ಸುಟಂಗೆ ತರುವುದು ಸುಲಭವಲ್ಲ. 26 ಮತ್ತು 52 ವರ್ಣತಂತುಗಳ ಗಿಡಗಳನ್ನು ಕೂಡಿಸಿದರೆ ಹುಟ್ಟುವ ಸಂತಾನ ಬರಡು. ರಾಸಾಯನಿಕದಿಂದ ವರ್ಣತಂತುಗಳನ್ನು ಇಮ್ಮಡಿಗೊಳಿಸಿ, ಹಲವು ತಲೆಮಾರು ಮರುಸಂಕರಣ ಮಾಡಬೇಕು. ಮೆಕ್ಸಿಕೋದ ಗಾಸಿಪಿಯಂ ಡೇವಿಡ್‌ಸೋನಿಯೈ ಉಪ್ಪು ತಾಳುವುದರಲ್ಲಿ ಹೆಸರಾದ ಕಾಡುಹತ್ತಿ. ಅದಕ್ಕೂ ಇದೇ ಅಡ್ಡಿ. ಟೊಮೆಂಟೋಸಂ, ಡಾರ್ವಿನಿಯೈಗಳಲ್ಲಿ 52 ವರ್ಣತಂತುಗಳೇ ಇರುವುದರಿಂದ ಅವು ಹಿರ್ಸುಟಂ ಜೊತೆ ಸಲೀಸಾಗಿ ಕೂಡುತ್ತವೆ. ಪ್ರಭೇದಗಳ ಗಡಿ ದಾಟಿ ಹತ್ತಿ ಬೆಸೆಯುವುದು ಧಾರವಾಡಕ್ಕೆ ಹೊಸದಲ್ಲ. ಹಿರ್ಸುಟಂ ಮತ್ತು ಬಾರ್ಬಡೆನ್ಸ್ ಕೂಡಿಸಿದ ವರಲಕ್ಷ್ಮಿ ಸಂಕರ ತಳಿಯನ್ನು ಬಿ. ಎಚ್. ಕಟರಕಿ ಅವರು 1972ರಲ್ಲಿ ಅಲ್ಲಿಂದಲೇ ಕೊಟ್ಟರು.

ಈಗ ಜೀನ್ ತಿದ್ದುಪಡಿಯ ದಾರಿಯೂ ತೆರೆದಿದೆ. ಭಾರತ 2025ರಲ್ಲಿ ಘೋಷಿಸಿದ ಎರಡು ಜೀನ್ ತಿದ್ದಿದ ಭತ್ತದ ತಳಿಗಳಲ್ಲಿ ಪೂಸಾ ಡಿಎಸ್‌ಟಿ ರೈಸ್-1 ಒಂದು. ಬರ ಮತ್ತು ಉಪ್ಪಿನ ತಾಳಿಕೆಗೆ ತಡೆ ಒಡ್ಡುತ್ತಿದ್ದ ಭತ್ತದ್ದೇ ಒಂದು ವಂಶವಾಹಿಯನ್ನು ಅದರಲ್ಲಿ ತಿದ್ದಲಾಗಿದೆ. ಎರಡೆರಡು ಪ್ರತಿಗಳ ಹತ್ತಿಯಲ್ಲಿ ಈ ಕೆಲಸ ಹೆಚ್ಚು ಶ್ರಮದ್ದು, ಆದರೆ ಅಸಾಧ್ಯವಲ್ಲ.

ಬೇರಿಗೆ ಗಾಳಿ ಬೇಕು

ಇಷ್ಟೆಲ್ಲ ವಿಜ್ಞಾನ ಹೊಲಕ್ಕೆ ಇಳಿದರೂ ಒಂದು ಮಿತಿ ಉಳಿದೇ ಇರುತ್ತದೆ. ಹತ್ತಿ ಸವಳು ತಾಳುತ್ತದೆ, ಜವಳು ತಾಳುವುದಿಲ್ಲ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಇರುವುದಿಲ್ಲ. ಬೇರಿನ ಉಸಿರಾಟ ನಿಂತರೆ ಪಂಪುಗಳಿಗೆ ಶಕ್ತಿ ಸಿಗುವುದಿಲ್ಲ. ಆಗ ಎಸ್‌ಒಎಸ್-1 ಇದ್ದೂ ಪ್ರಯೋಜನವಿಲ್ಲ, ಎವಿಪಿ-1 ಸೇರಿಸಿದರೂ ಪ್ರಯೋಜನವಿಲ್ಲ; ಸೋಡಿಯಂ ತಡೆಯಿಲ್ಲದೆ ಎಲೆಗೆ ಏರುತ್ತದೆ. ಉಪ್ಪು ಮತ್ತು ನಿಂತ ನೀರು ಒಟ್ಟಾದರೆ ಗಿಡಕ್ಕೆ ಆಗುವ ಹಾನಿ ಎರಡರ ಬಿಡಿ ಹಾನಿಗಿಂತ ದೊಡ್ಡದು. ನಮ್ಮ ಅಚ್ಚುಕಟ್ಟು ಪ್ರದೇಶಗಳ ಕಷ್ಟ ಸರಿಯಾಗಿ ಇದೇ.

ಆದ್ದರಿಂದ ಉಪ್ಪು ತಾಳುವ ಬೀಜವನ್ನು ಬಸಿಗಾಲುವೆಗೆ ಬದಲಿ ಎಂದು ಯಾರಾದರೂ ಹೇಳಿದರೆ ನಂಬಬಾರದು. ಮೊದಲು ನೀರು ಬಸಿದು ಹೋಗಲು ದಾರಿ ಮಾಡಬೇಕು. ಕ್ಷಾರ ಭೂಮಿಗೆ ಮಣ್ಣು ಪರೀಕ್ಷೆಯ ಪ್ರಕಾರ ಜಿಪ್ಸಂ ಕೊಡಬೇಕು, ಕಾಲುವೆಯ ಮೇಲ್ಭಾಗದಲ್ಲಿ ನೀರಿನ ಬಳಕೆ ಹತೋಟಿಗೆ ಬರಬೇಕು. ಹಾಗೆ ಉಸಿರಾಡುವಂತಾದ ನೆಲದಲ್ಲಿ ಒಳ್ಳೆಯ ವಂಶವಾಹಿ ತನ್ನ ಕೆಲಸ ತೋರಿಸುತ್ತದೆ, ಬೋಳು ಬೀಳುತ್ತಿದ್ದ ಸಾಲಿನಲ್ಲಿ ಸಸಿ ಎದ್ದು ನಿಲ್ಲುತ್ತದೆ. ಬೀಜ ಸಂಶೋಧನೆ ಮತ್ತು ಬಸಿಗಾಲುವೆ ಇವೆರಡನ್ನೂ ಒಂದೇ ಯೋಜನೆಯಾಗಿ ಸರ್ಕಾರ ಕೈಗೆತ್ತಿಕೊಳ್ಳಬೇಕು. ಜವಾರಿ ಹತ್ತಿಯ ಬೀಜ ಇನ್ನೂ ಕೈಯಲ್ಲಿರುವ ರೈತರು ಅದನ್ನು ದಯವಿಟ್ಟು ಬಿಡಬೇಡಿ. ಪ್ರತಿ ವರ್ಷ ಒಂದೆರಡು ಸಾಲಾದರೂ ಬಿತ್ತಿ ಉಳಿಸಿಕೊಳ್ಳಿ, ಹತ್ತಿರದ ಕೃಷಿ ಸಂಶೋಧನಾ ಕೇಂದ್ರಕ್ಕೂ ಒಂದು ಹಿಡಿ ಕೊಡಿ. ಕಳೆದುಹೋದ ತಳಿಯನ್ನು ಯಾವ ಪ್ರಯೋಗಾಲಯವೂ ಮತ್ತೆ ಹುಟ್ಟಿಸಲಾರದು.